ಬೆಂಕಿಯ ಮರುದಿನದ ಪುಟ

“ಈಗ ಹೇಳುವುದು ಸತ್ಯ ಕತೆ ಮೇಡಂ. ಉಪ್ಪುಖಾರ ನಾನು ಹಾಕಿದ್ದಲ್ಲ,” ಎಂದರು ಕಾಂತಪ್ಪ.

ಸಿಡ್ನಿಯಿಂದ ಬಂದಿದ್ದ ಪತ್ತೇದಾರಿಣಿ ಸಂಯುಕ್ತಾ ತಲೆಯಾಡಿಸಿದಳೇ ಹೊರತು ತಿರುಗಿ ನೋಡಲಿಲ್ಲ. ಬುಗ್ಗೆಕೋಣೆಯ ಸುಣ್ಣದ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಅವಳು ಕಂದು ಚುಕ್ಕೆಗಳನ್ನು ಎಣಿಸುತ್ತಿದ್ದಳು. ಹತ್ತೊಂಬತ್ತಾದವು.

“ಚಿನ್ನ ಹುಡುಕಲಿಕ್ಕೆ ಬಂದ ಸ್ವಿಸ್ ಕಲ್ಲುಕುಟಿಗರು. ಅಗೆದರು, ಅಗೆದರು, ಚಿನ್ನ ಇಲ್ಲ. ಗುಳುಗುಳು ಅಂತ ನೀರು ಬಂತು. ಬಾಯಿಗೆ ಹಾಕಿದ್ರೆ ಸೋಡಾ! ಸಾವಿರದ ಎಂಟುನೂರ ತೊಂಬತ್ತನಾಲ್ಕರಲ್ಲಿ ಈ ಗುಮ್ಮಟದ ಕೋಣೆ ಕಟ್ಟಿದ್ದು. ಆಚೆ ಬದಿ ಹನ್ನೆರಡು ಸ್ನಾನದ ತೊಟ್ಟಿ, ಈಚೆ ಬದಿ ಹನ್ನೆರಡು. ಮೆಲ್ಬರ್ನ್‌ನ ದೊರೆಸಾನಿಗಳು ಡಾಕ್ಟರ ಚೀಟಿ ಹಿಡ್ಕೊಂಡು ರೈಲಿನಲ್ಲಿ ಬರುವುದು.”

ಹೇಳುತ್ತಲೇ ಕಾಂತಪ್ಪ ಸೊಂಟಕ್ಕೆ ಕೈಯಿಟ್ಟು, ಮೂಗು ಮೇಲೆತ್ತಿ, ನೂರು ವರ್ಷದ ಹಿಂದಿನ ದೊರೆಸಾನಿಯಾಗಿಬಿಟ್ಟರು.

“‘ಓ ಡಿಯರ್ ಮೀ, ಕೊಳೆತ ಮೊಟ್ಟೆಯ ಸ್ಮೆಲ್ಲು!’ ಹಾಗೆ ಹೇಳಿಕೊಂಡೇ ಮೂರು ಲೋಟ ಖಾಲಿ ಮಾಡುವುದು.”

ಕಾರ್ವೆಲ್ ಸ್ಪ್ರಿಂಗ್ಸ್ ಮೆಲ್ಬರ್ನ್‌ನಿಂದ ಒಂದೂವರೆ ಗಂಟೆಯ ದಾರಿ. ಊರಲ್ಲಿ ಸ್ಪಾ ಬೇಕಾದಷ್ಟಿವೆ, ಸ್ಪಷ್ಟ ಮಾತು ಕಡಿಮೆ. ಒಂಬತ್ತು ದಿನದ ಹಿಂದೆ ಇಲ್ಲಿನ ಹಳೆಯ ಬಾತ್‌ಹೌಸಿನ ಬುಗ್ಗೆಕೋಣೆಯಿಂದ ಸಂದರ್ಶಕರ ಪುಸ್ತಕವೊಂದು ಕಾಣೆಯಾಗಿತ್ತು. ಅದನ್ನು ಇಟ್ಟಿದ್ದ ಗಾಜಿನ ಪೆಟ್ಟಿಗೆ ಒಡೆದಿರಲಿಲ್ಲ. ಅದರ ಕೀ ಇದ್ದದ್ದು ಕಾಂತಪ್ಪನವರ ಸೊಂಟದಲ್ಲಿ ಮಾತ್ರ.

ಉಡುಪಿಯ ಕಡೆಯಿಂದ ಅಡುಗೆಗೆಂದು ಬಂದವರು ಅವರು. ಇಪ್ಪತ್ತೆರಡು ವರ್ಷದಿಂದ ಈ ಕಟ್ಟಡದ ಕಾವಲಿಗಿದ್ದಾರೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಮೆಲ್ಬರ್ನ್‌ನಲ್ಲಿ ಪಾರಂಪರಿಕ ಕಟ್ಟಡಗಳ ಸಮಿತಿ ಸೇರುತ್ತದೆ. ಅಷ್ಟರೊಳಗೆ ಪುಸ್ತಕ ಸಿಗದಿದ್ದರೆ ಕಟ್ಟಡ ನೋಡಿಕೊಳ್ಳುವ ಟ್ರಸ್ಟಿನವರು ಅವರಿಂದ ಕೀ ಕಿತ್ತುಕೊಳ್ಳುತ್ತಾರೆ, ಕಳ್ಳನೆಂದು ಕಂಪ್ಲೇಂಟ್ ಕೊಡುತ್ತಾರೆ.

ಇವತ್ತು ಮಂಗಳವಾರ.

“ಆ ಪುಸ್ತಕದಾಗ ಅಂಥಾದ್ದೇನಿತ್ತು? ಒಂದ ಮಾತಿನಾಗ ಹೇಳ್ರಿ,” ಎಂದಳು ಸಂಯುಕ್ತಾ. ಧಾರವಾಡ ಬಿಟ್ಟು ಹದಿನಾಲ್ಕು ವರ್ಷವಾದರೂ ಅವಳ ನಾಲಿಗೆ ವೀಸಾಕ್ಕೆ ಅರ್ಜಿ ಹಾಕಿರಲಿಲ್ಲ.

“ಒಂದು ಪುಟ ಉಂಟು. ಸಾವಿರದ ಒಂಬೈನೂರ ಇಪ್ಪತ್ತಾರನೇ ಇಸವಿ ಫೆಬ್ರವರಿ ಒಂಬತ್ತಕ್ಕೆ ಇಲ್ಲಿ ಬೆಂಕಿ ಬಿದ್ದದ್ದು. ಇಡೀ ಬಾತ್‌ಹೌಸ್ ಸುಟ್ಟುಹೋಯ್ತು, ಈಗ ಇರುವುದೆಲ್ಲ ಆಮೇಲೆ ಕಟ್ಟಿದ ನಕಲು ಅಂತ ಈ ಜಾಗದ ಮೇಲೆ ಕಣ್ಣಿಟ್ಟ ಹೋಟೆಲಿನವರು ಹೇಳುವುದು. ನಕಲಾದರೆ ಕೆಡವಬಹುದು, ನಾಲ್ಕು ಮಾಳಿಗೆಯ ರೆಸಾರ್ಟ್ ಏಳಿಸಬಹುದು. ಆದ್ರೆ ಬೆಂಕಿಯ ಮರುದಿನ, ಹತ್ತನೇ ತಾರೀಕಿಗೆ, ಹದಿನೇಳು ಜನ ಇದೇ ಕೋಣೆಯಲ್ಲಿ ನೀರು ಕುಡಿದು ಸಹಿ ಹಾಕಿದ್ದಾರೆ. ಸುಟ್ಟುಹೋದ ಕೋಣೆಯಲ್ಲಿ ಯಾರು ಸಹಿ ಹಾಕುವುದು, ಹೇಳಿ?”

“ಆ ಪುಸ್ತಕ ಇದ್ರ ಕೋಣಿ ಉಳೀತದ.”

“ಕೋಣೆ ಉಳಿದರೆ ನಾನು ಉಳೀತೇನೆ,” ಎಂದರು ಕಾಂತಪ್ಪ. ಸೊಂಟದ ಕೀ ಗೊಂಚಲನ್ನು ಮುಟ್ಟಿ ನೋಡಿಕೊಂಡರು.

ಪುಸ್ತಕ ಹೋದ ದಿನ ಬಿಸಿಲು ಮೂವತ್ತೆಂಟು ಡಿಗ್ರಿ. ಸಿಡ್ನಿಯ ಕನ್ನಡ ಸಂಘದವರು ಮೆಲ್ಬರ್ನ್ ನೋಡಲು ಬಂದವರು ಬಸ್ಸಿನಲ್ಲಿ ಇಲ್ಲಿಗೂ ಬಂದಿದ್ದರು. ಕಾಂತಪ್ಪ ಪೆಟ್ಟಿಗೆಯ ಗಾಜು ಒರೆಸಲೆಂದು ಕೀ ತಿರುಗಿಸಿದ ಹೊತ್ತಿಗೆ ಆಚೆ ತೊಟ್ಟಿಯ ಬಳಿ ಆಂಟಿಯೊಬ್ಬರು ಜಾರಿ ಬಿದ್ದರು. ಕೀಯನ್ನು ಪೆಟ್ಟಿಗೆಯಲ್ಲೇ ಬಿಟ್ಟು ಇವರು ಓಡಿದರು. ಹತ್ತು ನಿಮಿಷ. ವಾಪಸು ಬಂದಾಗ ಮುಚ್ಚಳ ಮುಚ್ಚಿತ್ತು, ಕೀ ನೇತಾಡುತ್ತಿತ್ತು, ಪುಸ್ತಕವಿರಲಿಲ್ಲ.

ಇದನ್ನು ಪೊಲೀಸರು ನಂಬಲಿಲ್ಲ. ಸ್ನಾನಕ್ಕೂ ಕೀ ಬಿಚ್ಚಿಡದ ಮನುಷ್ಯ ಅವತ್ತೊಂದೇ ದಿನ ಮರೆತರೆ ಯಾರು ನಂಬುತ್ತಾರೆ?

ಆ ಹತ್ತು ನಿಮಿಷದಲ್ಲಿ ಕೋಣೆಯ ಬಾಗಿಲಲ್ಲಿ ಕಂಡವರು ಇಬ್ಬರು. ಒಬ್ಬರು ಸಂಘದ ಅಧ್ಯಕ್ಷ ಗುರುಶಾಂತಪ್ಪ. ಇನ್ನೊಬ್ಬ ಸಂಪತ್, ಹೋಟೆಲ್ ಕಂಪನಿಗೆ ಕಟ್ಟಡದ ಇತಿಹಾಸದ ರಿಪೋರ್ಟ್ ಬರೆದುಕೊಡುವ ಸಿಡ್ನಿಯ ಕನ್ಸಲ್ಟೆಂಟ್. ಬಸ್ಸಿನವರು ಬರುವ ದಿನವೇ ಅವನೂ ಫೋಟೋ ತೆಗೆಯಲು ಬಂದಿದ್ದ. ಇಬ್ಬರೂ ಪೊಲೀಸರಿಗೆ ಹೇಳಿದ್ದು ಒಂದೇ ಮಾತು: ಹೊರಗಿನಿಂದ ಇಣುಕಿದೆವು, ಒಳಗೆ ಕಾಲಿಡಲಿಲ್ಲ.

“ಈ ಚುಕ್ಕಿ ಏನ್ರಿ?” ಸಂಯುಕ್ತಾ ಗೋಡೆ ತೋರಿಸಿದಳು.

“ಅದು ಬುಗ್ಗೆಯ ನೀರಿನದ್ದು. ಇದರಲ್ಲಿ ಕಬ್ಬಿಣದ ಅಂಶ ಜಾಸ್ತಿ. ಸಿಡಿದು ಒಣಗಿದ್ರೆ ತುಕ್ಕಿನ ಬಣ್ಣ. ನನ್ನ ಎಷ್ಟು ಬನಿಯನ್ ಹೋಗಿದೆ ಗೊತ್ತುಂಟಾ?”

“ಇವು ಯಾವಾಗ ಬಂದುವು?”

“ಪುಸ್ತಕ ಹೋದ ದಿನವೇ. ಹಿಂದಿನ ದಿನ ಸುಣ್ಣ ಹೊಡೆದದ್ದು ನಾನೇ. ಒರೆಸಬೇಕು ಅಂತಿದ್ದೆ. ಪೊಲೀಸರು ಮುಟ್ಟಬೇಡ ಅಂದರು, ಬಿಟ್ಟೆ.”

ಸಂಯುಕ್ತಾ ಗಾಜಿನ ಪೆಟ್ಟಿಗೆಯತ್ತ ಬಾಗಿದಳು. ಒಳಗೆ ಹಸಿರು ಬಟ್ಟೆ. ಪುಸ್ತಕ ವರ್ಷಗಟ್ಟಲೆ ಕೂತ ಜಾಗದಲ್ಲಿ ಬಟ್ಟೆಯ ಬಣ್ಣ ಮಾಸದೆ ಗಾಢವಾಗಿ ಉಳಿದಿತ್ತು. ಆ ಗಾಢ ಹಸಿರಿನ ಮೇಲೂ ಐದು ಕಂದು ಚುಕ್ಕೆಗಳು.

ನೀರು ಸಿಡಿದಾಗ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಪುಸ್ತಕ ಆಗಲೇ ಯಾರದೋ ಕೈಗೆ ಬಂದಿತ್ತು.

ಬುಗ್ಗೆಯ ಪಕ್ಕದಲ್ಲಿ ಸರಪಳಿ ಹಾಕಿದ ಎನಾಮೆಲ್ ಮಗ್ ತೂಗುತ್ತಿತ್ತು. ಬಂದವರೆಲ್ಲ ಕುಡಿಯುವುದು ಅದರಲ್ಲೇ. ಅವತ್ತು ಆ ಮಗ್ ಒದ್ದೆಯಾಗಿತ್ತು, ಕೊಕ್ಕೆಯಿಂದ ಕೆಳಗಿತ್ತು. ಪೊಲೀಸರು ಅದರ ಅಂಚನ್ನು ಪರೀಕ್ಷೆಗೆ ಕಳಿಸಿದ್ದರು. ತುಟಿಯ ಗುರುತಿಲ್ಲ, ಜೊಲ್ಲಿನ ಗುರುತಿಲ್ಲ. ಆದ್ದರಿಂದ ಯಾರೂ ಕುಡಿದಿಲ್ಲ ಎಂದು ರಿಪೋರ್ಟು.

“ಕಾಂತಪ್ಪನವರ, ನಿಮಗೇನರ ಕೆಮ್ಮು ಕೇಳಿಸಿತ್ತೇನು?”

ಅವರು ಬೆಚ್ಚಿದರು. “ಹೌದು. ನಾನು ಆಂಟಿಯ ಕಾಲು ಹಿಡ್ಕೊಂಡಿದ್ದೆ. ಈ ಕಡೆಯಿಂದ ಯಾರೋ ನೆತ್ತಿಗೆ ಹತ್ತಿದ ಹಾಗೆ ಕೆಮ್ಮುವುದು. ನಿಮಗೆ ಯಾರು ಹೇಳಿದ್ದು?”

“ಗ್ವಾಡಿ ಹೇಳ್ತು.”

ಅವಳು ಮಗ್ ತುಂಬಿಸಿಕೊಂಡಳು. ತಲೆ ಹಿಂದಕ್ಕೆ ವಾಲಿಸಿ, ಮಗ್ಗನ್ನು ತುಟಿಯಿಂದ ಒಂದು ಗೇಣು ಮೇಲೆತ್ತಿ, ನೀರನ್ನು ಬಾಯಿಗೆ ಧಾರೆಯಾಗಿ ಬಿಟ್ಟಳು.

“ಅಯ್ಯಯ್ಯೋ, ಬೇಡ!” ಎಂದು ಕಾಂತಪ್ಪ ಕೂಗುವಷ್ಟರಲ್ಲಿ ತಡವಾಗಿತ್ತು. ಗುಳ್ಳೆ ಮೂಗಿಗೆ ನುಗ್ಗಿತು. ಸಂಯುಕ್ತಾ ಬಗ್ಗಿ, ಎದ್ದು, ಗೋಡೆ ಹಿಡಿದು ಕೆಮ್ಮಿದಳು. ಹತ್ತೊಂಬತ್ತರ ಪಕ್ಕದಲ್ಲಿ ಹೊಸದಾಗಿ ಇಪ್ಪತ್ತು ಹನಿ ಬಿದ್ದವು, ಅದೇ ಎತ್ತರದಲ್ಲಿ.

“ಈ ನೀರನ್ನು ಎತ್ತಿ ಕುಡಿಯಲಿಕ್ಕೆ ಆಗುವುದಿಲ್ಲ ಮಾರಾಯ್ರೆ! ಸೋಡಾ ಅಲ್ಲವಾ? ನಾನು ಬಂದ ವರ್ಷವೇ ಬುದ್ಧಿ ಕಲಿತೆ. ಎಂಜಲಾದರೆ ಆಗಲಿ ಅಂತ ಬಾಯಿ ಇಟ್ಟೇ ಕುಡಿಯುವುದು. ಆಮೇಲೆ ತೊಳೆದು ಇಡುವುದು.”

ಕಣ್ಣೀರು ಒರೆಸಿಕೊಳ್ಳುತ್ತ ಸಂಯುಕ್ತಾ ಅಂದಳು: “ಅದಕ್ಕ ಕದ್ದಾಂವ ನೀವಲ್ಲ. ಇಲ್ಲಿ ಮಂದಿ ಮಗ್ಗಿಗೆ ಬಾಯಿ ಹಚ್ಚಿ ಕುಡೀತಾರ. ಊರ ಮಂದಿ ಬಾಯಿ ಇಟ್ಟ ಮಗ್ಗಿಗೆ ತನ್ನ ತುಟಿ ಹಚ್ಚಲಾರದಾಂವ ನಮ್ಮಾಂವ. ನಮ್ಮಾಂವ ಖರೆ, ಆದ್ರ ಈ ನೀರಿಗೆ ಹೊಸಬ.”

*

ಹೊರಗೆ ಬಂದು ಅವಳು ಪ್ರಮೋದನಿಗೆ ಫೋನ್ ಮಾಡಿದಳು. ಪ್ರಮೋದ್ ಅವಳ ಸಹಾಯಕ. ಹಗಲು ನಾರ್ತ್ ಸಿಡ್ನಿಯ ಕನ್ಸಲ್ಟೆನ್ಸಿಯೊಂದರಲ್ಲಿ ಸಾಫ್ಟ್‌ವೇರ್, ಮಿಕ್ಕ ಹೊತ್ತು ಪತ್ತೇದಾರಿ. ಸ್ಕೋಫೀಲ್ಡ್ಸ್‌ನಲ್ಲಿ ಅವನದೊಂದು ಮನೆಯಿದೆ. ಮಾರ್ಟ್‌ಗೇಜಿನಲ್ಲಿ ‘ಮಾರ್ಟ್’ ಅವನದು, ‘ಗೇಜು’ ಬ್ಯಾಂಕಿನದು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಅದು ಅವನ ಗಂಟಲಿಗೆ ಬಾಡಿಗೆಗೆ ಬಂದಂತೆಯೇ.

“ಗುರುಶಾಂತಪ್ಪ ಅಂಕಲ್ ಮನೆಗೆ ಹೋಗಿದ್ದೆ ಮೇಡಮ್,” ಎಂದವನೇ ಅವನು ಅಂಕಲ್ ಆದ. “‘ಎಲ್ಲರಿಗೂ ನಮಸ್ಕಾರ! ಪ್ರಮೋದಪ್ಪಾ, ನಾನು ಅಧ್ಯಕ್ಷ ಆದ್ಮೇಲೆ ಯಾವ ರೂಮಿಗೂ ಒಬ್ಬನೇ ಹೋಗಿಲ್ಲ ಕಣಪ್ಪಾ. ಹೋದ್ರೆ ಭಾಷಣ ಕೇಳೋಕೆ ಯಾರಿರ್ತಾರೆ?’”

“ತಲಿ ಹಿಂದಕ್ಕ ವಾಲಿಸ್ತಾರೇನು ಅವರು?”

“ಏನು?”

“ನೀರು ಎತ್ತಿ ಕುಡೀತಾರೇನೋ, ಅಷ್ಟ ಹೇಳು.”

“ಎಲ್ಲಿ ಕುಡೀತಾರೆ? ಕುತ್ತಿಗೆಗೆ ಪಟ್ಟಿ ಹಾಕ್ಕೊಂಡು ಎರಡು ತಿಂಗಳಾಯ್ತು. ನನ್ನ ಮುಖ ನೋಡೋಕೇ ಕುರ್ಚಿ ಸಮೇತ ತಿರುಗಿದ್ರು. ಕಾಫೀನ ಸ್ಟ್ರಾ ಹಾಕ್ಕೊಂಡು ಕುಡಿದ್ರು ಮೇಡಮ್! ಫಿಲ್ಟರ್ ಕಾಫಿಗೆ ಸ್ಟ್ರಾ!”

“ಹಂಗಾದ್ರ ಅವರಲ್ಲ. ನಾಳೆ ಮಧ್ಯಾಹ್ನ ರೌಸ್ ಹಿಲ್‌ಗೆ, ಸಂಪತ್‌ನ ಮನಿಗೆ ಬಾ. ಫೋನಿನ್ಯಾಗ ಕೇಳಿದ್ಯಲ್ಲ, ಕಾಂತಪ್ಪನವರ ದನಿ ಬರ್ತದಲ್ಲ?”

ಪ್ರಮೋದ್ ಗಂಟಲು ಸರಿಮಾಡಿಕೊಂಡ. ಆಮೇಲೆ ಫೋನಿನಲ್ಲಿ ಉಡುಪಿ ಮಾತಾಡಿತು. “ಎಂತ ಮೇಡಂ ನೀವು, ಬರದೆ ಎಲ್ಲಿಗೆ ಹೋಗ್ತದೆ?”

ಸಂಯುಕ್ತಾ ತಿರುಗಿ ನೋಡಿದಳು. ನಿಜವಾದ ಕಾಂತಪ್ಪ ಇಪ್ಪತ್ತು ಹೆಜ್ಜೆ ದೂರದಲ್ಲಿ ಬಾಗಿಲಿಗೆ ಬೀಗ ಹಾಕುತ್ತಿದ್ದರು. ಬೀಗ ಎಳೆದು ನೋಡಿದರು. ಮತ್ತೊಮ್ಮೆ ಎಳೆದು ನೋಡಿದರು.

ಅವಳನ್ನು ಏರ್‌ಪೋರ್ಟಿಗೆ ಬಿಟ್ಟವಳು ಕಾಂತಪ್ಪನವರ ಮಗಳು ಅಶ್ವಿತಾ. ಮೆಲ್ಬರ್ನ್‌ನಲ್ಲಿ ಫಿಸಿಯೋಥೆರಪಿಸ್ಟ್. ದಾರಿಯುದ್ದಕ್ಕೂ ಅವಳು ಆಡಿದ್ದು ಎರಡೇ ಮಾತು.

“ಕೀ ಕೊಟ್ಟುಬಿಡಿ, ನನ್ ಜೊತೆ ಬಂದು ಇರಿ ಅಂದೆ ಆಂಟಿ. ಹೀ ಜಸ್ಟ್ ಲಾಫ್ಡ್.”

ಇಪ್ಪತ್ತು ಕಿಲೋಮೀಟರಿನ ನಂತರ:

“ಕೀ ಕೊಟ್ರೆ ನಾನು ಯಾರು ಅಂತ ಕೇಳಿದ್ರು.”

*

ಬುಧವಾರ ಮಧ್ಯಾಹ್ನ ರೌಸ್ ಹಿಲ್.

ಸಿಡ್ನಿಯಲ್ಲಿ ತಡವಾಗಿ ಬರುವವರಿಗೆ ಸಬರ್ಬಿಗೊಂದು ಸಬೂಬು ಸಿಗುತ್ತದೆ. ರೌಸ್ ಹಿಲ್‌ನವರಿಗೆ ಅದೂ ಬೇಡ, ದೂರವೇ ಸಾಕು. ಸಂಯುಕ್ತಾ ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ ಸಂಪತ್‌ನ ಬೆಲ್ ಒತ್ತಿದಳು. ಪ್ರಮೋದ್ ಎದುರು ರಸ್ತೆಯಲ್ಲಿ ಕಾರಿನೊಳಗೇ ಉಳಿದ.

ಸಂಪತ್ ಬಸವನಗುಡಿಯವನು, ವಯಸ್ಸು ನಲವತ್ತು. ಓದಲು ಬಂದು, ಖಾಯಂ ವಾಸಕ್ಕೆ ಪಿಆರ್ ಸಿಕ್ಕಿ, ಹಳೆಯ ಕಟ್ಟಡಗಳ ಚರಿತ್ರೆ ಬರೆದುಕೊಡುತ್ತ ಹೊಸ ಮನೆ ಕಟ್ಟಿಸಿದವನು. ಬುಧವಾರ ವರ್ಕ್ ಫ್ರಮ್ ಹೋಮ್. ಮೇಲೆ ಇಸ್ತ್ರಿ ಮಾಡಿದ ಶರ್ಟ್, ಕೆಳಗೆ ಬರ್ಮುಡಾ.

“ಬನ್ನಿ ಮೇಡಮ್, ಕೂತ್ಕೊಳ್ಳಿ. ಪೊಲೀಸರಿಗೆ ಎಲ್ಲಾ ಹೇಳಿದೀನಲ್ಲಾ. ಡೋರ್ ಹತ್ರ ನಿಂತೆ, ಎರಡು ಫೋಟೋ ತೆಗೆದೆ, ಹೊರಟೆ. ದಟ್ಸ್ ಇಟ್.”

“ಬುಗ್ಗಿ ನೀರು ಕುಡಿಲಿಲ್ಲೇನು? ಅಂಥಾ ಬಿಸಲಿತ್ತು.”

“ಒಳಗೇ ಹೋಗ್ಲಿಲ್ಲ ಅಂದ್ಮೇಲೆ ನೀರೆಲ್ಲಿ ಬಂತು?”

“ಒಂದ ಗ್ಲಾಸ್ ನೀರು ಕೊಡ್ತೀರೇನು?”

ಅವನು ಎರಡು ಸ್ಟೀಲ್ ಲೋಟದಲ್ಲಿ ನೀರು ತಂದ. ತನ್ನದನ್ನು ತುಟಿಗೆ ತಾಗಿಸದೆ ಎತ್ತಿ, ಒಂದು ಹನಿಯೂ ಚೆಲ್ಲದಂತೆ ಗಟಗಟ ಇಳಿಸಿದ. ಸಂಯುಕ್ತಾ ನೋಡಿದಳು. ನೋಡಿದ್ದನ್ನು ಮುಖಕ್ಕೆ ತಿಳಿಸಲಿಲ್ಲ. ಬ್ಯಾಗಿನೊಳಗೆ ಕೈ ಹಾಕಿ ಫೋನಿನ ಬಟನ್ ಒಂದನ್ನು ಒತ್ತಿದಳು. ಎದುರು ರಸ್ತೆಯಲ್ಲಿದ್ದ ಕಾರಿಗೆ ಅದೇ ಸೂಚನೆ.

ಸಂಪತ್‌ನ ಫೋನ್ ರಿಂಗಾಯಿತು.

“ಹಲೋ? ಯಾರು? ಓ, ಕಾಂತಪ್ಪನೋರಾ! ಹೇಳಿ, ಹೇಳಿ.”

ಫೋನಿನಿಂದ ಹೊರಗೆ ಸೋರಿದ ದನಿ ಸಂಯುಕ್ತಾಳಿಗೂ ಕೇಳುತ್ತಿತ್ತು. “ಸಾರ್, ಒಂದು ಸಂತೋಷದ ಸುದ್ದಿ. ಪುಸ್ತಕ ಸಿಕ್ಕಿತು ಮಾರಾಯ್ರೆ! ತೊಟ್ಟಿಯ ಹಿಂದೆ ಟವೆಲಿನ ಅಡಿಯಲ್ಲಿ ಇತ್ತು. ನಾನು ಈಗ ಮೆಲ್ಬರ್ನ್‌ಗೆ ತೆಗೆದುಕೊಂಡು ಹೋಗ್ತಾ ಇದ್ದೇನೆ. ನಿಮ್ಮ ಮೇಲೆ ಸುಮ್ಮನೆ ಅನುಮಾನ ಪಟ್ಟೆವು, ಎಂತ ಮಾಡುವುದು, ಬೇಜಾರು ಮಾಡ್ಬೇಡಿ ಆಯ್ತಾ?”

ಸಂಪತ್‌ನ ಬಾಯಿ ತೆರೆದೇ ಇತ್ತು. “ಒಳ್ಳೇ... ಒಳ್ಳೇದಾಯ್ತು. ವೆರಿ ಗುಡ್,” ಎಂದು ಫೋನ್ ಇಟ್ಟ. ಹಣೆ ಉಜ್ಜಿಕೊಂಡ. “ಮೇಡಮ್, ಒಂದ್ ನಿಮಿಷ. ವಾಷಿಂಗ್ ಮೆಷೀನ್ ಆಫ್ ಮಾಡ್ ಬರ್ತೀನಿ.”

ವಾಷಿಂಗ್ ಮೆಷೀನ್ ಅಡುಗೆಮನೆಯ ಪಕ್ಕದಲ್ಲಿತ್ತು. ಸಂಪತ್ ಹೋದದ್ದು ಗ್ಯಾರೇಜಿಗೆ.

ಸಂಯುಕ್ತಾ ಇಪ್ಪತ್ತರವರೆಗೆ ಎಣಿಸಿ ಎದ್ದಳು. ಮನೆಯೊಳಗಿನಿಂದ ಗ್ಯಾರೇಜಿಗೆ ಹೋಗುವ ಬಾಗಿಲು ಅರ್ಧ ತೆರೆದಿತ್ತು. ಒಳಗೆ ದಸರಾ ಗೊಂಬೆಗಳ ದೊಡ್ಡ ಪೆಟ್ಟಿಗೆ ಬಾಯ್ದೆರೆದುಕೊಂಡಿತ್ತು. ಪೇಪರು ಸುತ್ತಿದ ಶೆಟ್ಟಿ, ಶೆಟ್ಟಿತಿ, ಆನೆ, ಒಂಟೆ ನೆಲದ ಮೇಲೆ ಸಾಲಾಗಿದ್ದವು. ನಡುವೆ ಸಂಪತ್ ಮಂಡಿಯೂರಿ ಕೂತಿದ್ದ. ಮಡಿಲಲ್ಲಿ ಪಟ್ಟದ ರಾಜ ಮತ್ತು ರಾಣಿ. ಅವರ ಕಾಲ ಕೆಳಗೆ ಚರ್ಮದ ಹೊದಿಕೆಯ ದಪ್ಪ ಪುಸ್ತಕ.

ಹೊದಿಕೆಯ ಮೇಲೆ ಮೂರು ಕಂದು ಚುಕ್ಕೆ.

“ಫೆಬ್ರವರಿಯೊಳಗ ಗೊಂಬಿ ಕೂಡಸಾಕತ್ತೀರಲ್ರೀ ಸಂಪತ್,” ಎಂದಳು ಸಂಯುಕ್ತಾ.

ಅವನು ತಿರುಗಲಿಲ್ಲ. ಪುಸ್ತಕವನ್ನೊಮ್ಮೆ ನೋಡಿದ, ಫೋನನ್ನೊಮ್ಮೆ ನೋಡಿದ.

“ಪುಸ್ತಕ ಇಲ್ಲೇ ಇದೆ. ಹಾಗಾದ್ರೆ ಫೋನ್ ಮಾಡಿದ್ದು?”

“ನಮ್ಮ ಪ್ರಮೋದ. ಎದುರಿಗೆ ಕಾರಿನೊಳಗ ಕೂತಾನ.”

“ಆ ‘ಮಾರಾಯ್ರೆ’?”

“ಅದೂ ಅವಂದ.”

ಸಂಪತ್‌ನ ಭುಜ ಅಲುಗಿತು. ಅಳುತ್ತಿದ್ದಾನೆಂದು ಸಂಯುಕ್ತಾ ಭಾವಿಸಿದಳು. ಅವನು ನಗುತ್ತಿದ್ದ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಕೊನೆಗೆ ರಾಜ ರಾಣಿಯರನ್ನು ಎದೆಗವಚಿಕೊಂಡು.

“ಸೂಪರ್! ಟವೆಲಿನ ಅಡೀಲಿ ಇತ್ತಂತೆ! ಎಂತ ಮಾಡುವುದು ಅಂತೆ! ಅಯ್ಯೋ, ನಾನೇ ಕದ್ದಿದ್ದು ನನಗೇ ಡೌಟ್ ಬಂದ್ಬಿಡ್ತು ಮೇಡಮ್!”

“ನಕ್ಕು ಮುಗದ ಮ್ಯಾಲೆ ಪುಸ್ತಕ ಕೊಡ್ರಿ. ನಾಳೆ ಹತ್ತಕ್ಕ ಮೆಲ್ಬರ್ನ್‌ನ್ಯಾಗ ಬೇಕು.”

“ತಗೊಳ್ಳಿ.” ಅವನು ತಕ್ಷಣ ಚಾಚಿದ. ಸಂಯುಕ್ತಾಳಿಗೆ ಇಷ್ಟವಾಗದೆ ಹೋದದ್ದು ಆ ತಕ್ಷಣವೇ. ಕಳ್ಳರು ಹೀಗೆ ಕೊಡುವುದಿಲ್ಲ.

“ಯಾಕ ತಗೊಂಡ್ರಿ ಇದನ್ನ?”

“ಕದಿಯೋಕೆ ಹೋಗಿದ್ದಲ್ಲ. ಆ ಪುಟದ ಫೋಟೋ ಬೇಕಿತ್ತು. ಕೀ ಪೆಟ್ಟಿಗೇಲೇ ಇತ್ತು, ತೆಗೆದೆ. ಫೋಟೋ ತೆಗೆದೆ. ಕಿಟಕಿ ಬಿಸಿಲು ಅಡ್ಡಡ್ಡ ಬೀಳ್ತಿತ್ತು. ಝೂಮ್ ಮಾಡಿ ನೋಡಿದೆ, ಗಂಟಲು ಒಣಗಿಹೋಯ್ತು. ನೀರು ಕುಡಿದೆ, ಸಾಯೋ ಹಾಗೆ ಕೆಮ್ಮಿದೆ. ಆಮೇಲೆ ಪುಸ್ತಕ ಎತ್ಕೊಂಡು ಬ್ಯಾಗಿಗೆ ಹಾಕ್ಕೊಂಡೆ.”

“ಝೂಮ್ ಮಾಡಿದ್ರ ಅಂಥಾದ್ದೇನು ಕಂಡಿತು?”

“ನೀವೇ ನೋಡಿ. ನಾನು ಹೇಳಲ್ಲ.”

ಸಂಯುಕ್ತಾ ಪುಟ ತೆರೆದಳು. 10 ಫೆಬ್ರವರಿ 1926. ಮಾಸಿದ ಶಾಯಿ, ಹದಿನೇಳು ಸಹಿ. ಮಿಸೆಸ್ ಹಾರ್ಗ್ರೇವ್. ಡಾಕ್ಟರ್ ಪಿಲ್. ಸಹೋದರಿಯರಿಬ್ಬರು, ಬಲ್ಲಾರಟ್‌ನವರು. ಎಲ್ಲವೂ ಬಾಗಿ ಬಳುಕಿದ ಹಳೆಯ ಕಾಲದ ಬರಹ.

“ಮೇಲೆ,” ಎಂದ ಸಂಪತ್. “ತಾರೀಖಿಗಿಂತ ಮೇಲೆ. ಓರೆ ಹಿಡೀರಿ.”

ಅವಳು ಪುಸ್ತಕವನ್ನು ಗ್ಯಾರೇಜಿನ ಬಾಗಿಲಿನ ಬೆಳಕಿಗೆ ಓರೆಯಾಗಿ ಹಿಡಿದಳು. ಹಾಳೆಯ ನೆತ್ತಿಯ ಮೇಲೆ, ಸರಿಯಾಗಿ ನಡುವಿನಲ್ಲಿ, ಪೆನ್ಸಿಲಿನಿಂದ ಬರೆದು ರಬ್ಬರಿನಿಂದ ಉಜ್ಜಿದ ಗುರುತು. ಸೀಸ ಹೋಗಿತ್ತು. ಒತ್ತಿದ ತಗ್ಗು ಉಳಿದಿತ್ತು.

ಶ್ರೀ.

ಆಸ್ಟ್ರೇಲಿಯಾದ ಯಾವ ತಜ್ಞನ ಕಣ್ಣಿಗೂ ಅದು ಗೀಚು. ಹೊಸ ಹಾಳೆ ಸಿಕ್ಕಿದ ಕೂಡಲೇ ನೆತ್ತಿಯ ಮೇಲೆ ಇದನ್ನು ಬರೆಯದೆ ಮುಂದೆ ಹೋಗದ ಜನ ಭೂಮಿಯ ಒಂದು ಮೂಲೆಯಲ್ಲಿದ್ದಾರೆ. ಬರೆಯುವಾಗ ಅವರು ಯೋಚಿಸುವುದೂ ಇಲ್ಲ, ಕೈ ತಾನೇ ಹೋಗುತ್ತದೆ. ಸಂಯುಕ್ತಾ ಈ ಕೇಸಿಗೆ ನೋಟ್‌ಬುಕ್ ತೆರೆದಾಗಲೂ ಹೋಗಿತ್ತು.

“ಸಾವಿರದ ಒಂಬೈನೂರ ಇಪ್ಪತ್ತಾರರಲ್ಲಿ ಕಾರ್ವೆಲ್ ಸ್ಪ್ರಿಂಗ್ಸ್‌ನಲ್ಲಿ ಶ್ರೀ ಬರೆಯೋರು ಯಾರಿದ್ರು ಮೇಡಮ್? ಮಿಸೆಸ್ ಹಾರ್ಗ್ರೇವಾ?” ಸಂಪತ್ ಕಣ್ಣೊರೆಸಿಕೊಂಡ. “ಖಾಲಿ ಹಾಳೆ ಇತ್ತು. ಯಾರೋ ಕೂತು ನೀಟಾಗಿ ಹದಿನೇಳು ಸಹಿ ಬರೆದಿದ್ದಾರೆ. ದೊರೆಸಾನಿ ಹಾಗೆ ಮಾತಾಡೋಕೆ ಬರೋನಿಗೆ ದೊರೆಸಾನಿ ಹಾಗೆ ಬರೆಯೋಕೆ ಬರಲ್ವಾ? ಕೀ ಇಪ್ಪತ್ತೆರಡು ವರ್ಷ ಯಾರ ಸೊಂಟದಲ್ಲಿತ್ತು?”

ಅವಳು ಆ ತಗ್ಗಿನ ಮೇಲೆ ಬೆರಳಾಡಿಸಿದಳು.

“ಇದನ್ನ ಸಮಿತಿ ಮುಂದೆ ಇಟ್ಟಿದ್ರೆ ಕಾಂತಪ್ಪ ಫೋರ್ಜರಿ ಕೇಸಲ್ಲಿ ಒಳಗೆ ಹೋಗೋರು. ಇಡ್ಲಿಲ್ಲ. ತಗೊಂಡು ಬಂದೆ. ಸುಡೋಕೆ ಮನಸ್ಸು ಬರ್ಲಿಲ್ಲ, ಹಿಸ್ಟರಿ ಓದ್ದೋನು ನಾನು.”

“ಭಾಳ ದೊಡ್ಡ ಮನಸ್ಸು. ಪುಸ್ತಕ ಇಲ್ಲಂದ್ರ ನಿಮ್ಮ ಹೋಟೆಲೂ ಗೆಲ್ತದ.”

“ಎರಡೂ ಆಯ್ತಲ್ಲ ಮೇಡಮ್! ನಾನು ಪಾಪಾನೂ ಮಾಡಿದೆ, ಪುಣ್ಯಾನೂ ಮಾಡಿದೆ, ಒಂದೇ ಬ್ಯಾಗಲ್ಲಿ. ಈಗ ನಿಮ್ಮ ಸರದಿ. ಪುಸ್ತಕ ಕೊಡ್ಲಿಲ್ಲ, ಕಾಂತಪ್ಪ ಕಳ್ಳ. ಕೊಟ್ರಿ, ಕಾಂತಪ್ಪ ಫೋರ್ಜರಿ. ನಾಳೆ ಯಾವುದಕ್ಕೆ ಟಿಕೆಟ್ ಬುಕ್ ಮಾಡ್ತೀರಾ?”

“ಸಮಿತಿಯೊಳಗ ಕನ್ನಡ ಓದಾಕ ಬರೋರು ಯಾರೂ ಇಲ್ಲ.”

“ನಾನಿದೀನಲ್ಲಾ. ನಾಳೆ ಅಲ್ಲಿ ನಾನೂ ಕೂತಿರ್ತೀನಿ. ನೀವು ಪುಸ್ತಕ ತಂದ್ರೆ ಹೋಟೆಲಿನೋರು ನನ್ನನ್ನೇ ಕೇಳ್ತಾರೆ, ಇದು ಅಸಲಿನಾ ಅಂತ. ಏನು ಹೇಳ್ಲಿ?”

ಆಗ ಸಂಯುಕ್ತಾಳ ಕೈಯಲ್ಲಿದ್ದ ಫೋನ್ ರಿಂಗಾಯಿತು. ಪರದೆಯ ಮೇಲೆ ಹೆಸರು: ಕಾಂತಪ್ಪ.

ಸಂಪತ್ ಅದನ್ನು ಓದಿ ಹೋ ಎಂದು ಕೈ ತಟ್ಟಿದ. “ಮತ್ತೆ ಬಂದಾ! ಈ ಸಲ ನಿಮ್ಮ ಫೋನಿಗೇ! ಏನ್ ಹುಡುಗ ರೀ, ನಂಬರ್ ಸಮೇತ ಮಿಮಿಕ್ರಿ ಮಾಡ್ತಾನೆ!”

“ಬ್ಯಾಡ್ರಿ, ಇದು ಅವನಲ್ಲ—” ಎನ್ನುವಷ್ಟರಲ್ಲಿ ಅವನು ಫೋನ್ ಕಸಿದುಕೊಂಡು ಸ್ಪೀಕರ್ ಒತ್ತಿದ್ದ.

“ಮೇಡಂ, ಕಾಂತಪ್ಪ ಮಾತಾಡುವುದು.” ದನಿ ತಗ್ಗಿತ್ತು, ಉಸಿರು ಹತ್ತಿತ್ತು. “ಟ್ರಸ್ಟಿನವರು ನಾಳೆಯವರೆಗೆ ಕಾಯುವುದಿಲ್ಲವಂತೆ. ಕೀ ತೆಗೆದುಕೊಳ್ಳಲಿಕ್ಕೆ ಇವತ್ತೇ ಬಂದಿದ್ದಾರೆ. ಗೇಟಿನ ಹತ್ತಿರ ನಿಂತಿದ್ದಾರೆ. ಕೊಡಬೇಕಾ?”

“ಕೊಡಿ ಕಾಂತಪ್ಪನೋರೇ, ಕೊಡಿ!” ಸಂಪತ್ ಗೊಂಬೆ ಪೆಟ್ಟಿಗೆಗೆ ಒರಗಿ ಕೂಗಿದ. “ಕೊಡೋ ಮುಂಚೆ ನಿಮ್ಮ ಶ್ರೀಗೆ ಒಂದು ನಮಸ್ಕಾರ ಹಾಕ್ಬಿಡಿ! ಬೆಂಕಿ ಮರುದಿನದ ಪುಟದ ಮೇಲೆ ಬರೆದು ಅಳಿಸಿದೀರಲ್ಲಾ, ಆ ಶ್ರೀ! ಪ್ರಮೋದಾ, ಸಾಕು ಬಾರೋ ಒಳಗೆ, ಕಾಫಿ ಕೊಡ್ತೀನಿ!”

ಗ್ಯಾರೇಜಿನ ದೊಡ್ಡ ಬಾಗಿಲಿನ ಕಡೆಯಿಂದ ನೆರಳು ಬಿತ್ತು. ಪ್ರಮೋದ್ ನಿಂತಿದ್ದ. ಮೂಲೆಯ ಕೆಫೆಯಿಂದ ತಂದ ಕಾಫಿ ಕಪ್ ಎರಡೂ ಕೈಯಲ್ಲಿದ್ದವು. ಬಾಯಿ ಮುಚ್ಚಿತ್ತು.

ಸಂಪತ್ ಅವನತ್ತ ನೋಡಲಿಲ್ಲ. ಕಣ್ಣಲ್ಲಿ ನೀರು ತುಂಬಿ, ತಲೆ ಹಿಂದಕ್ಕೆ ವಾಲಿತ್ತು.

ಫೋನಿನಲ್ಲಿ ಕೇಳುವಂತೆ ದೂರದಲ್ಲಿ ಯಾರೋ ಗೇಟು ಬಡಿಯುತ್ತಿದ್ದರು. ಸಂಯುಕ್ತಾ ಅವನ ಕೈಯಿಂದ ಫೋನ್ ಬಿಡಿಸಿಕೊಂಡು ಕಿವಿಯ ಹತ್ತಿರ ಹಿಡಿದಳು. ಸ್ಪೀಕರ್ ಆರಿಸಲು ಮರೆತಳು.

“ಕಾಂತಪ್ಪನವರ, ನಾನ್ರಿ ಸಂಯುಕ್ತಾ.”

“ಶ್ರೀ ಆ ಪುಟದಲ್ಲಿಯೂ ಉಂಟಾ ಮೇಡಂ?” ಎಂದು ಕೇಳಿದರು ಕಾಂತಪ್ಪ.

“ಆ ಪುಟದಾಗೂ ಅಂದ್ರ? ಮತ್ತ ಎಲ್ಲಿ ಅದ?”

“ಬುಗ್ಗೆಯ ಬಾಯಿಗೆ ಇಟ್ಟ ಕಲ್ಲಿನ ಅಡಿಯಲ್ಲಿ. ನೀರು ಬತ್ತಿದ ವರ್ಷ ಆ ಕಲ್ಲು ಎತ್ತಿದಾಗ ನೋಡಿದ್ದು. ಉಳಿಯಲ್ಲಿ ಕೆತ್ತಿದ್ದಾರೆ. ಕೆಳಗೆ ಇಸವಿ ಸಹ ಉಂಟು, ಸಾವಿರದ ಎಂಟುನೂರ ತೊಂಬತ್ತನಾಲ್ಕು. ಅಂದ್ರೆ ಆಗಲೇ ನಮ್ಮವರು ಯಾರೋ ಇಲ್ಲಿ ಇದ್ದರು. ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ರೆ ನೀನೇ ಕೆತ್ತಿದ್ದು ಅನ್ನುವುದಿಲ್ಲವಾ? ಇಲ್ಲಿ ಕನ್ನಡ ಬರುವವ ನಾನೊಬ್ಬನೇ.”

ಸತ್ಯ ಹೇಳುತ್ತಿದ್ದಾರೋ, ಇದೀಗ ಇನ್ನೊಂದು ಪುಟ ಬರೆಯುತ್ತಿದ್ದಾರೋ, ಆ ದನಿಯಿಂದ ತಿಳಿಯುವಂತಿರಲಿಲ್ಲ. ಸಂಯುಕ್ತಾ ಪ್ರಮೋದನತ್ತ ನೋಡಿದಳು. ದನಿಗಳನ್ನು ಬಲ್ಲವನು ಅವನು. ಅವನೂ ತಲೆ ಅಲ್ಲಾಡಿಸಿದ, ಗೊತ್ತಾಗುವುದಿಲ್ಲ ಎಂಬಂತೆ. ಒಂದು ಕಪ್ಪಿನ ಕಾಫಿ ತುಳುಕಿ ಅವನ ಕೈಮೇಲೆ ಹರಿಯಿತು.

“ಈಗ ಕೀ ಕೊಟ್ಟರೆ ಹೋಟೆಲಿನವರು ಒಳಗೆ ಬರ್ತಾರೆ, ನಾಳೆ ಆ ಕಲ್ಲು ಅಲ್ಲಿ ಇರ್ಲಿಕ್ಕಿಲ್ಲ ಮೇಡಂ. ಅವರು ಗೇಟು ಹತ್ತುತ್ತಾ ಇದ್ದಾರೆ. ಬೇಗ ಹೇಳಿ. ಕೊಡಬೇಕಾ, ಬೇಡವಾ?”

ಆ ಪ್ರಶ್ನೆ ಗ್ಯಾರೇಜಿನಲ್ಲಿದ್ದ ಮೂವರಲ್ಲಿ ಇಬ್ಬರಿಗೆ ಮಾತ್ರ ಕೇಳಿಸಿತು. ಮೂರನೆಯವನು ರಾಜ ರಾಣಿಯರನ್ನು ತಬ್ಬಿಕೊಂಡು, ಇಡೀ ರೌಸ್ ಹಿಲ್‌ಗೆ ಕೇಳುವಷ್ಟು ಜೋರಾಗಿ ನಗುತ್ತಲೇ ಇದ್ದ.